ಬಾಬೆಲಿನ ವಾದ್ಯ, ಬಗ್ಗದ ಮೊಣಕಾಲು

ಯೌವನಸ್ಥರ ಕೂಟದ ಸಂದೇಶ, ಬೀದರ್
ವಾಕ್ಯಭಾಗ: ದಾನಿಯೇಲ 3ನೇ ಅಧ್ಯಾಯ

ಬೀದರ್‌ನವರು, ಭಾಲ್ಕಿಯಿಂದ ಬಸ್ ಹಿಡಿದು ಬಂದವರು, ಔರಾದ್ ಕಡೆಯಿಂದ ಬೈಕ್ ಮೇಲೆ ಬಂದವರು, ಎಲ್ಲರೂ ಒಂದ್ಸಲ ಹಲ್ಲೆಲೂಯಾ ಹೇಳಿ. ಕೂತ್ಕೊಳ್ಳಿ.

ಹೋದ ವಾರ ಕೂಟ ಮುಗಿದ ಮೇಲೆ ನಮ್ಮ ವರ್ಷಿಪ್ ಟೀಮಿನ ಒಬ್ಬ ತಂಗಿ ನನ್ನ ಹತ್ತಿರ ಬಂದಳು. ಅವಳ ಒಪ್ಪಿಗೆ ಪಡೆದೇ ಇದನ್ನ ಹೇಳ್ತಿದ್ದೀನಿ. ಬೆಂಗಳೂರಿನ ಒಂದು ಬ್ಯಾಂಡಿನವರು ಅವಳನ್ನು ಹಾಡೋಕೆ ಕರೆದಿದ್ದಾರೆ. ಆರಾಧನೆಯ ಹಾಡುಗಳಲ್ಲ. ಮಳೆ, ಊರು, ಪ್ರೀತಿ, ಒಂಟಿತನ, ಇಂಥ ಹಾಡುಗಳು. "ಪಾಸ್ಟರ್, ನಾ ಹೋಗ್ಲೋ ಬ್ಯಾಡೋ?" ಅಂತ ಕೇಳಿದಳು. ಮೊಬೈಲ್ ತೆಗೆದು ತೋರಿಸಿದಳು: "ಇಮ್ಯಾಜಿನ್ ಡ್ರ್ಯಾಗನ್ಸ್‌ನ ಡ್ಯಾನ್ ರೆನಾಲ್ಡ್ಸ್, ದ ಕಿಲ್ಲರ್ಸ್‌ನ ಬ್ರ್ಯಾಂಡನ್ ಫ್ಲವರ್ಸ್, ಇಬ್ಬರೂ ಮಾರ್ಮನ್ ಮನ್ಯಾಗ ಬೆಳೆದವರು. ಅವರು ಲೋಕದ ಸ್ಟೇಜ್ ಮ್ಯಾಲ ಹಾಡ್ಬಹುದು, ನಾವ್ಯಾಕ ಅಂಜಬೇಕ್ರಿ?"

"ಪ್ರಾರ್ಥನೆ ಮಾಡ್ತೀನಿ ತಂಗಿ" ಅಂದೆ. ಸತ್ಯ ಹೇಳಬೇಕಂದ್ರೆ, ಅದು ತಪ್ಪಿಸಿಕೊಳ್ಳೋ ಮಾತಾಗಿತ್ತು. ಯಾಕಂದ್ರೆ ಇದೇ ಪ್ರಶ್ನೆಗೆ ಹಿಂದೆ ಒಮ್ಮೆ ನಾನು ಅವಸರದಲ್ಲಿ ಉತ್ತರ ಕೊಟ್ಟಿದ್ದೆ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಮಾರ್ಮನ್ ಸಭೆ 1830ರಲ್ಲಿ ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಎಂಬವರಿಂದ ಶುರುವಾದದ್ದು. ಅವರು ಸತ್ಯವೇದದ ಜೊತೆಗೆ ಬುಕ್ ಆಫ್ ಮಾರ್ಮನ್ ಅನ್ನೂ ಶಾಸ್ತ್ರ ಅಂತಾರೆ. ತ್ರಿಯೇಕ ದೇವರ ವಿಷಯದಲ್ಲಿ ಅವರ ಬೋಧನೆ ಬೇರೆ, ನಮ್ಮ ನಂಬಿಕೆ ಬೇರೆ. 2018ರಲ್ಲಿ ಬೆಂಗಳೂರಿಗೂ ಒಂದು ಟೆಂಪಲ್ ಘೋಷಿಸಿದರು, ಹಾಗಾಗಿ ನಿಮ್ಮಲ್ಲಿ ಕೆಲವರು ಅವರನ್ನ ಭೇಟಿಯಾಗಲೂಬಹುದು. ಬೋಧನೆಯಲ್ಲಿ ನಾನು ಅವರ ಜೊತೆ ಇಲ್ಲ. ಆದರೆ ಕರ್ತನಾದ ಯೇಸು ನೆರೆಯವನು ಯಾರು ಅಂತ ಕಲಿಸೋಕೆ ಒಬ್ಬ ಸಮಾರ್ಯದವನನ್ನ ಉದಾಹರಣೆಗೆ ತಗೊಂಡರು. ಹೊರಗಿನವರಿಂದ ಕಲಿಯೋಕೆ ನಾಚಿಕೆ ಪಡಬೇಕಿಲ್ಲ.

ಈಗ ನಮ್ಮ ದೇಶಕ್ಕೆ ಬನ್ನಿ. ಹಳೆಯ ಹಿಂದಿ ಸಿನಿಮಾಗಳ ಆರ್ಕೆಸ್ಟ್ರಾದಲ್ಲಿ ಎಷ್ಟೋ ಜನ ಗೋವಾದ ಕ್ರೈಸ್ತರು. ಆಂಥೋನಿ ಗೊನ್ಸಾಲ್ವಿಸ್ ಅಂತ ಒಬ್ಬ ವಯೊಲಿನ್ ಮಾಸ್ಟರ್ ಇದ್ದರು. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಅವರ ಶಿಷ್ಯ. 1977ರ 'ಅಮರ್ ಅಕ್ಬರ್ ಆಂಥೋನಿ'ಯಲ್ಲಿ ಅಮಿತಾಭ್ ಬಚ್ಚನ್ ಮೊಟ್ಟೆಯೊಳಗಿಂದ ಹೊರಗೆ ಬಂದು ಹೇಳೋ ಹೆಸರು ಆ ಗುರುವಿನದ್ದೇ.

ಇನ್ನು ಕನ್ನಡಕ್ಕೆ ಬಂದರೆ, ಸಾಧು ಕೋಕಿಲ ಯಾರಿಗೆ ಗೊತ್ತಿಲ್ಲ? ನೀವು ಕಾಮಿಡಿ ನೋಡಿ ನಗ್ತೀರಿ. ಆದರೆ ಅವರು ಕೀಬೋರ್ಡ್ ವಾದಕರು. 1993ರ ಉಪೇಂದ್ರರ 'ಶ್!' ಚಿತ್ರಕ್ಕೆ ಸಂಗೀತ ಕೊಟ್ಟವರು. ಅವರ ಮೂಲ ಹೆಸರು ಗೊತ್ತಾ? ಸಹಾಯಶೀಲನ್ ಶದ್ರಕ್. ಅವರ ವಿಶ್ವಾಸದ ಬಗ್ಗೆ ಮಾತಾಡೋದು ನನ್ನ ಕೆಲಸ ಅಲ್ಲ. ಆ ಹೆಸರು ಮಾತ್ರ ನನ್ನನ್ನ ನೇರವಾಗಿ ದಾನಿಯೇಲನ ಪುಸ್ತಕಕ್ಕೆ ಕರ್ಕೊಂಡು ಹೋಯ್ತು. ಬೈಬಲ್ ತೆಗೀರಿ.

ಮೂರನೇ ಅಧ್ಯಾಯ. ದೂರಾ ಬಯಲು. ಅರವತ್ತು ಮೊಳ ಎತ್ತರದ ಬಂಗಾರದ ಪ್ರತಿಮೆ. ರಾಜ ನೆಬೂಕದ್ನೆಚ್ಚರ ದೊಡ್ಡ ಬ್ಯಾಂಡನ್ನೇ ನಿಲ್ಲಿಸಿದ್ದಾನೆ: ಕೊಂಬು, ಕೊಳಲು, ಕಿನ್ನರಿ, ವೀಣೆ, ಎಲ್ಲಾ. ವಾದ್ಯದ ಶಬ್ದ ಕೇಳಿದ ಕೂಡಲೇ ಎಲ್ಲರೂ ಅಡ್ಡಬೀಳಬೇಕು. ಬೀಳದವನಿಗೆ ಬೆಂಕಿಯ ಆವಿಗೆ.

ಇಲ್ಲಿ ಎರಡು ಸಂಗತಿ ಗಮನಿಸಿ. ಎರಡನೇ ಅಧ್ಯಾಯದ ಕೊನೆಯ ವಚನ ನೋಡಿದರೆ ಶದ್ರಕ್, ಮೇಶಕ್, ಅಬೇದ್‌ನೆಗೋ ಬಾಬೆಲ್ ಸಂಸ್ಥಾನದ ಸರ್ಕಾರಿ ಅಧಿಕಾರಿಗಳು. ಆ ರಾಜ್ಯದ ಕೆಲಸವನ್ನ ಅವರು ಅಪವಿತ್ರ ಅಂತ ಬಿಟ್ಟು ಓಡಲಿಲ್ಲ. ಅದು ಒಂದು. ವಾದ್ಯ ನುಡಿದಾಗ ಇಡೀ ಬಯಲು ಬಗ್ಗಿತು, ಅವರು ಬಗ್ಗಲಿಲ್ಲ. ಅದು ಎರಡು. ಎರಡನ್ನೂ ಒಟ್ಟಿಗೆ ಹಿಡಿಯಿರಿ. ನಾವು ಸಾಮಾನ್ಯವಾಗಿ ಒಂದನ್ನ ಹಿಡಿದು ಇನ್ನೊಂದನ್ನ ಬಿಡ್ತೀವಿ. ಪಾಸ್ಟರುಗಳು ಎರಡನೆಯದನ್ನ ಹಿಡೀತೀವಿ, ಯೌವನಸ್ಥರು ಮೊದಲನೆಯದನ್ನ.

ನನ್ನ ಅಜ್ಜ ಔರಾದ್ ತಾಲೂಕಿನ ಒಂದು ಹಳ್ಳಿಯಲ್ಲಿ ಹಲಗಿ ಬಾರಿಸ್ತಿದ್ದರು. ಜಾತ್ರೆಗೆ ಬಾರಿಸಬೇಕು, ಹೆಣ ಎತ್ತಿದರೆ ಬಾರಿಸಬೇಕು. ಕೂಲಿ ಕೇಳೋ ಹಾಗಿಲ್ಲ, ಒಲ್ಲೆ ಅನ್ನೋ ಹಾಗೂ ಇಲ್ಲ. ದೀಕ್ಷಾಸ್ನಾನ ಆದ ದಿನ ಅಜ್ಜ ಹಲಗಿಯನ್ನ ಗೂಟಕ್ಕೆ ತೂಗುಹಾಕಿದರು. ಅವರಿಗೆ ಹಲಗಿ ಅಂದರೆ ಬರೀ ವಾದ್ಯ ಆಗಿರಲಿಲ್ಲ, ಅದು ಬಗ್ಗಿದ ಮೊಣಕಾಲು. ಬಿಟ್ಟದ್ದೇ ಅವರ ಬಿಡುಗಡೆ. ಆದರೆ ಅಜ್ಜಿ ಹೇಳ್ತಿದ್ದಳು: "ಹಲಗಿ ಬಿಟ್ಟನಪ್ಪ, ಬೆರಳು ಬಿಡ್ಲಿಲ್ಲ. ಜೋಳದ ಡಬ್ಬಿ ಮ್ಯಾಲ ಬಾರಿಸ್ಕೋತ ಕೂಡ್ತಿದ್ದ." ಬೆರಳಿನಲ್ಲಿದ್ದ ಆ ತಾಳ ದೇವರು ಕೊಟ್ಟದ್ದು ಪ್ರಿಯರೇ. ಅದನ್ನ ಯಾವ ಜಮೀನ್ದಾರನೂ ಕೊಟ್ಟಿರಲಿಲ್ಲ.

ಈಗ ನನ್ನ ತಪ್ಪು ಹೇಳ್ತೀನಿ. ಕೆಲವು ವರ್ಷದ ಹಿಂದೆ ಭಾಲ್ಕಿಯ ಒಬ್ಬ ತಮ್ಮ ನಮ್ಮ ಸಭೆಯಲ್ಲಿ ಗಿಟಾರ್ ಬಾರಿಸ್ತಿದ್ದ. ಮದುವೆ ಆರ್ಕೆಸ್ಟ್ರಾಕ್ಕೂ ಹೋಗ್ತಿದ್ದ. ಮನೆಯಲ್ಲಿ ತಂದೆಗೆ ಕಾಯಿಲೆ, ಆ ದುಡ್ಡಿನಿಂದ ಔಷಧಿ ಬರ್ತಿತ್ತು. ಅದನ್ನ ನಾನು ಕೇಳಲೇ ಇಲ್ಲ. ಬೈಬಲ್ ಕಾಲೇಜಿನ ಡಿಪ್ಲೊಮಾ ಹೊಸದು, ಬಿಸಿ ಜಾಸ್ತಿ. "ಆರ್ಕೆಸ್ಟ್ರಾನೋ ಆರಾಧನೆಯೋ, ಒಂದು ಆರಿಸ್ಕೋ" ಅಂದೆ. ಅವನು ಗಿಟಾರ್ ಕೇಬಲ್ ಸುತ್ತಿ ಬ್ಯಾಗಿಗೆ ಹಾಕಿಕೊಂಡು, ವಂದನೆ ಹೇಳಿ ಹೋದ. ಈಗ ಹೈದರಾಬಾದಿನಲ್ಲಿದ್ದಾನೆ. ಯಾವ ಸಭೆಗೂ ಹೋಗ್ತಿಲ್ಲ ಅಂತ ಕೇಳಿದ್ದೀನಿ. ಅವನು ಬಾಬೆಲಿಗೆ ಬಗ್ಗಿರಲಿಲ್ಲ. ನಾನೇ ಅವನನ್ನ ಆವಿಗೆಗೆ ತಳ್ಳಿ ಬಾಗಿಲು ಹಾಕಿದೆ. ಕರ್ತನು ನನ್ನನ್ನ ಕ್ಷಮಿಸಲಿ.

ಹಾಗಾದರೆ ಮೊಣಕಾಲು ಬಗ್ಗೋದು ಅಂದರೇನು? ಬೇರೆ ದೇವರಿಗೆ ಆರಾಧನೆ ಸಲ್ಲಿಸೋ ಹಾಡು ನಿಮ್ಮ ಬಾಯಿಂದ ಕೇಳಿದಾಗ. ಹೆಣ್ಣನ್ನ ಸರಕು ಮಾಡೋ ಸಾಲು ಹಾಡು ಅಂದಾಗ. ಶೋ ಆದ ಮೇಲೆ ಕುಡಿಯದಿದ್ದರೆ ನೀನು ನಮ್ಮವನಲ್ಲ ಅಂದಾಗ. ನಿಮ್ಮ ಎಲ್ಲಾ ಭಾನುವಾರಗಳನ್ನ ಒಂದು ಕಾಗದದ ಮೇಲೆ ಬರೆಸಿಕೊಂಡಾಗ. ಮತ್ತೆ ಕೊನೆಯದು, ಯಾರಿಗೂ ಕಾಣದ್ದು: ಚಪ್ಪಾಳೆ ಇಲ್ಲದ ದಿನ ನೀವು ಯಾರು ಅಂತ ನಿಮಗೇ ಗೊತ್ತಾಗದೆ ಹೋದಾಗ. ಇದು ಸಭೆಯ ಸ್ಟೇಜ್ ಮೇಲೂ ಆಗುತ್ತೆ. ವರ್ಷಿಪ್ ಟೀಮ್, ಆಮೆನ್ ಹೇಳಿ.

ಆ ತಂಗಿ ತೋರಿಸಿದ ಹೆಸರುಗಳ ಜೊತೆ ನಾನೂ ಒಂದೆರಡು ಓದಿದೆ. ಡೇವಿಡ್ ಆರ್ಚುಲೆಟಾ 2008ರಲ್ಲಿ ಅಮೆರಿಕನ್ ಐಡಲ್‌ನಲ್ಲಿ ಎರಡನೇ ಸ್ಥಾನ ಪಡೆದ ಹುಡುಗ. 2012ರಲ್ಲಿ ಹಾಡೋದನ್ನ ನಿಲ್ಲಿಸಿ ಎರಡು ವರ್ಷ ಚಿಲಿ ದೇಶಕ್ಕೆ ಅವರ ಸಭೆಯ ಸೇವೆಗೆ ಹೋದ. ಮುಂದೆ ಆತ ಆ ಸಭೆಯಿಂದ ದೂರ ಸರಿದ. ಒಂದು ಸಲ ತ್ಯಾಗ ಮಾಡಿದರೆ ಜೀವನಪೂರ್ತಿಗೆ ಸಾಕಾಗುತ್ತೆ ಅನ್ಕೋಬೇಡಿ. ಮೊಣಕಾಲಿನ ತೀರ್ಮಾನ ಪ್ರತಿದಿನದ್ದು.

ಇನ್ನೊಂದು ಬ್ಯಾಂಡಿನ ಹೆಸರು ಲೋ. 1993ರಲ್ಲಿ ಅಮೆರಿಕದ ಡುಲುತ್ ಎಂಬ ಊರಲ್ಲಿ ಶುರುವಾಯ್ತು. ಆಲನ್ ಸ್ಪಾರ್‌ಹಾಕ್ ಮತ್ತು ಮಿಮಿ ಪಾರ್ಕರ್, ಗಂಡ ಹೆಂಡತಿ, ಮಾರ್ಮನ್ನರು. ಮಿಮಿ 2022ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರದು ಬಹಳ ನಿಧಾನ, ಬಹಳ ಮೆತ್ತಗಿನ ಸಂಗೀತ. ಶುರುವಿನಲ್ಲಿ ಜನ ಗದ್ದಲ ಮಾಡಿದರೆ ಬೇರೆ ಬ್ಯಾಂಡಿನವರ ಹಾಗೆ ಸೌಂಡ್ ಏರಿಸ್ತಿರಲಿಲ್ಲ, ಇನ್ನೂ ಇಳಿಸ್ತಿದ್ದರಂತೆ. ನಮ್ಮ ಡಿಜೆ ಕಾಲದಲ್ಲಿ ಇದನ್ನ ಯೋಚಿಸಿ. ದೂರಾ ಬಯಲಿನಲ್ಲೂ ಆ ಮೂವರು ಕೂಗಲಿಲ್ಲ. ಸುಮ್ಮನೆ ನಿಂತರು. ಅಷ್ಟೇ ಸಾಕ್ಷಿ.

ತಂಗಿ, ಇದು ನಿನಗೆ. ಹೋಗು. ಆದರೆ ಎಲ್ಲಿ ಬಗ್ಗಲ್ಲ ಅನ್ನೋದನ್ನ ಇಲ್ಲೇ, ಬೀದರಿನಲ್ಲೇ, ರೈಲು ಹತ್ತೋ ಮೊದಲೇ ಬರೆದುಕೋ. ವಾದ್ಯ ಶುರುವಾದ ಮೇಲೆ ಯೋಚಿಸೋಕೆ ಸಮಯ ಸಿಗಲ್ಲ. ಬೆಂಗಳೂರಿನಲ್ಲಿ ಒಂದು ಸಭೆ ಹುಡುಕಿಕೋ. ಅಲ್ಲಿ ನಿನ್ನ ಹಾಡು ಗೊತ್ತಿರದಿದ್ದರೂ ಪರವಾಗಿಲ್ಲ, ನೀನು ಗೊತ್ತಿರಬೇಕು.

ಸಭೆಯೇ, ಇದು ನಮಗೆ. ರಾಜ ಒಳಗೆ ನೋಡಿದಾಗ ಬೆಂಕಿಯಲ್ಲಿ ನಾಲ್ಕು ಜನ ಇದ್ದರು. ಕರ್ತನು ಹೊರಗೆ ನಿಂತು ಇವರು ಯಾಕೆ ಬಾಬೆಲಿನಲ್ಲಿ ಕೆಲಸಕ್ಕೆ ಸೇರಿದರು ಅಂತ ಲೆಕ್ಕ ಕೇಳಲಿಲ್ಲ. ಒಳಗೆ ಬಂದು ಜೊತೆಗೆ ನಡೆದನು. ಇವಳು ಹೋದ ಮೇಲೆ ವಾರಕ್ಕೊಮ್ಮೆ ಫೋನ್ ಮಾಡೋರು ಯಾರು? ಕೈ ಎತ್ತಿ. ಸ್ತೋತ್ರ.

ಭಾಲ್ಕಿಯ ಆ ತಮ್ಮನಿಗೆ ಮೊನ್ನೆ ರಾತ್ರಿ ನಾನು ಮೆಸೇಜ್ ಹಾಕಿದೆ. ತಪ್ಪಾಯ್ತು ತಮ್ಮ ಅಂತ ಬರೆದೆ. ನೋಡಿದ್ದಾನೆ. ಉತ್ತರ ಬಂದಿಲ್ಲ. ಅವನಿಗಾಗಿ ಎದ್ದು ನಿಂತು ಪ್ರಾರ್ಥಿಸೋಣ.

ತಂದೆಯೇ, ನಮ್ಮ ಬೆರಳಿಗೆ ತಾಳ ಕೊಟ್ಟವನು ನೀನು, ನಮ್ಮ ಕಂಠಕ್ಕೆ ಸ್ವರ ಕೊಟ್ಟವನು ನೀನು. ಯಾವ ವೇದಿಕೆಯಲ್ಲಿ ನಿಂತರೂ ನಮ್ಮ ಮೊಣಕಾಲು ನಿನಗೊಬ್ಬನಿಗೇ ಬಗ್ಗಲಿ. ದೂರ ಹೋದ ನಮ್ಮ ತಮ್ಮನನ್ನ ಬೆಂಕಿಯಲ್ಲಿ ಒಂಟಿಯಾಗಿ ಬಿಡಬೇಡ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.