ಅತ್ತಿಬೆಲೆ ದಾಟಿದ ಮೇಲೆ

"ಕರ್ನಾಟಕದಲ್ಲಿ ನೀವು ಯಾವ ಕಡೆಯವರು?" ಮಿಷಿಗನ್‌ನ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಹೊಸಬರು ಕೇಳುವ ಮೊದಲ ಪ್ರಶ್ನೆ ಇದು. ನಮ್ಮದು ಕರ್ನಾಟಕವಲ್ಲ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಹೊಸೂರಿನಿಂದಾಚೆ ತಳಿ ಸೀಮೆ ಎಂದರೆ, "ಮತ್ತೆ ಮನೆಮಾತು ಕನ್ನಡ ಹೇಗೆ?" ಎನ್ನುತ್ತಾರೆ. ಮನೆಮಾತಷ್ಟೇ ಅಲ್ಲ, ನಮ್ಮಲ್ಲಿ ಹೊಲದ ಮಾತು, ಸಂತೆಯ ಮಾತು, ಜಗಳದ ಮಾತು ಎಲ್ಲವೂ ಕನ್ನಡವೇ. ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದವರಲ್ಲಿ ಒಬ್ಬರಾದ ಸಿದ್ಧಲಿಂಗದೇವರ ಹೆಸರಿಗೆ ಅಂಟಿಕೊಂಡಿರುವ ಗುಮ್ಮಳಾಪುರ ತಳಿಯ ಪಕ್ಕದ ಊರು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಹೊಸೂರು ತಾಲ್ಲೂಕು ಮದ್ರಾಸಿನಲ್ಲೇ ಉಳಿಯಿತು. ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುತ್ತಾ ಜನ ತಮ್ಮ ಪಾಡಿಗೆ ತಾವು ಬದುಕಿದರು.

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕಲಿತ ಯಂತ್ರದ ಕೆಲಸ ನನ್ನನ್ನು ಜರ್ಮನಿ, ಕೊರಿಯಾ, ಮೆಕ್ಸಿಕೊಗಳಿಗೆಲ್ಲ ಸುತ್ತಿಸಿ ಕೊನೆಗೆ ಮಿಷಿಗನ್‌ನಲ್ಲಿ ನೆಲೆ ನಿಲ್ಲಿಸಿತು. ಈಗ ನಾನೂ ನನ್ನ ಹೆಂಡತಿಯೂ ಊರಿಗೆ ಮರಳಿದ್ದೇವೆ. ಅತ್ತಿಬೆಲೆ ದಾಟಿದರೆ ಚಂದ್ರಚೂಡೇಶ್ವರನ ಬೆಟ್ಟ ಈಗಲೂ ಮೊದಲು ಕಣ್ಣಿಗೆ ಬೀಳುತ್ತದೆ, ಆದರೆ ಅದರ ಕೆಳಗಿನ ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಗಿದೆ. ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲದಲ್ಲಿ ಗುಲಾಬಿಯ ಪಾಲಿಹೌಸುಗಳು ಎದ್ದಿವೆ. ಬೆಂಗಳೂರಿನ ಕೊಳಚೆ ಹೊತ್ತು ಬರುವ ದಕ್ಷಿಣ ಪಿನಾಕಿನಿ ಕೆಲವರಪಳ್ಳಿ ಅಣೆಕಟ್ಟಿನ ಬಳಿ ನೊರೆ ನೊರೆಯಾಗಿ ಉಕ್ಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಊರು ಅಷ್ಟು ಬದಲಾಗಿಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡು ಜವಳಗಿರಿ ಕಾಡಿಗೆ ಬರುತ್ತದೆ. ಅಪ್ಪನಂತೆಯೇ ಅಣ್ಣನೂ ಅಟ್ಟಣೆಯ ಮೇಲೆ ರಾತ್ರಿ ಕಳೆಯುತ್ತಾನೆ. ಪಂಜಿನ ಬದಲು ಟಾರ್ಚು ಬಂದಿದೆ, ಜೊತೆಗೆ ಮೊಬೈಲು. ಆನೆ ಯಾವ ಹೊಲಕ್ಕೆ ಇಳಿಯಿತು, ಎಷ್ಟು ಇವೆ, ಮರಿ ಇದೆಯೇ ಎಂಬ ಸುದ್ದಿಯೆಲ್ಲ ಊರಿನ ವಾಟ್ಸಾಪ್ ಗುಂಪಿನಲ್ಲಿ ಧ್ವನಿಯಾಗಿ ಬರುತ್ತದೆ. "ಕೆರೆ ಏರಿ ಮ್ಯಾಗೆ ಬತ್ತಾವೆ, ಲೈಟ್ ಬುಡಬ್ಯಾಡ್ರಿ!" ಯಾರೂ ಬರೆದು ಕಳಿಸುವುದಿಲ್ಲ. ಅವಸರ ಒಂದೇ ಕಾರಣ ಎಂದುಕೊಂಡಿದ್ದೆ. ಅಣ್ಣ ವಿವರಿಸಿದ: "ಹುಡುಗರಿಗೆ ಕನ್ನಡ ಬರಿಯಾಕೆ ಬರಲ್ಲ ಕಣೋ. ನಮಗೆ ತಮಿಳು ಓದಾಕೆ ಬರಲ್ಲ. ಇನ್ನೇನು ಮಾಡೋದು?"

ಒಂದೇ ಮನೆಯಲ್ಲಿ ಅಪ್ಪನ ಕಾಗದ ಮಗನಿಗೆ ತಿಳಿಯದು, ಮಗನ ಪುಸ್ತಕ ಅಪ್ಪನಿಗೆ ತಿಳಿಯದು. ನಾವು ಕನ್ನಡ ಮಾಧ್ಯಮದಲ್ಲೇ ಓದಿದವರು. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ವರ್ಷಕ್ಕೊಂದು ತರಗತಿಯಂತೆ ಮೇಲೇರಿ 2016ರ ಹೊತ್ತಿಗೆ ಅದು ಹತ್ತನೇ ತರಗತಿಯ ಪರೀಕ್ಷೆ ಮುಟ್ಟಿತು. ತಮಿಳಲ್ಲದ ಮಾತೃಭಾಷೆ ಐಚ್ಛಿಕ ವಿಷಯವಾಗಿ ಹಿಂದೆ ಸರಿಯಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳ ಪರವಾಗಿ ಮದ್ರಾಸ್ ಹೈಕೋರ್ಟಿನಲ್ಲಿ ವಾದ ನಡೆದು ವಿನಾಯಿತಿಗಳೂ ಬಂದವು. ತಮಿಳುನಾಡಿನಲ್ಲಿ ಬದುಕುವ ಮಗು ತಮಿಳು ಕಲಿಯಲೇಬೇಕು, ಚೆನ್ನಾಗಿಯೇ ಕಲಿಯಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ಮನೆಮಾತಿನ ಅಕ್ಷರ ಬಿಟ್ಟುಕೊಡಬೇಕಾಗಿ ಬಂದದ್ದು ದೊಡ್ಡ ನಷ್ಟ.

ಕಳೆದ ಡಿಸೆಂಬರಿನಲ್ಲಿ ಮಗಳು ಬಂದಿದ್ದಳು. ಕೂಟದ ಭಾನುವಾರದ ತರಗತಿಯಲ್ಲಿ ಅಕ್ಷರ ಕಲಿತವಳು ಅವಳು. ಅಟ್ಟದ ಮೇಲಿದ್ದ ನಮ್ಮಪ್ಪನ ಲೆಕ್ಕದ ಪುಸ್ತಕ ತೆಗೆದು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಮೆದೆ ಒಟ್ಟಿದ ಕೂಲಿ. ಅಕ್ಕಡಿ ಅವರೆ ಎರಡು ಕೊಳಗ." ಅಣ್ಣನ ಮಗ ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ತಾತನ ಬರಹ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಓದಿದವಳಿಗೆ ಒಂದೂ ಅರ್ಥವಾಗಿರಲಿಲ್ಲ, ಕೇಳಿದವನಿಗೆ ಎಲ್ಲವೂ ಅರ್ಥವಾಗಿತ್ತು. "ಬಾ ಅಕ್ಕ, ತೋರುಸ್ತೀನಿ" ಎಂದು ಹೊಲಕ್ಕೆ ಕರೆದೊಯ್ದ. ಕೊಯ್ದ ರಾಗಿಯ ಕೂಳೆಯ ನಡುವೆ ಅವರೆ ಸಾಲು ಹಿಡಿದು ನಿಂತಿತ್ತು. ಕಣದಲ್ಲಿ ಮೆದೆ ಇತ್ತು. ಸಂಜೆ ಇಬ್ಬರೂ ಮಡಿಲ ತುಂಬ ಸೊಗಡಿನ ಕಾಯಿ ತಂದರು. ಅತ್ತಿಗೆ ರಾತ್ರಿಗೆ ಹಿತಕಿದ ಬೇಳೆಯ ಸಾರು ಮಾಡಿದರು.

ಅಂದಿನಿಂದ ಒಂದು ಯೋಚನೆ ನನ್ನ ತಲೆಯಲ್ಲಿ ಕೂತಿದೆ. ಹೊರನಾಡಿನಲ್ಲಿ ನಾವು ಮಕ್ಕಳಿಗೆ ಅಕ್ಷರ ಕಲಿಸಿದ್ದೇವೆ, ಮಾತು ಮಾತ್ರ ಅವರ ಬಾಯಲ್ಲಿ ತಡವರಿಸುತ್ತದೆ. ತಳಿಯಲ್ಲಿ, ಡೆಂಕಣಿಕೋಟೆಯಲ್ಲಿ, ಅಂಚೆಟ್ಟಿಯ ಹಳ್ಳಿಗಳಲ್ಲಿ ಮಾತು ಗಟ್ಟಿಯಾಗಿದೆ, ಅಕ್ಷರ ಕಳೆದುಹೋಗುತ್ತಿದೆ. ನಮ್ಮ ಕೂಟಗಳು ನೆರವು ಎಂದೊಡನೆ ಬೆಂಗಳೂರಿನತ್ತ ನೋಡುತ್ತವೆ. ಗಡಿಯಾಚೆಯ ಈ ಮಕ್ಕಳು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಬರುವ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಷರ ಪಾಠ ಶುರುಮಾಡುತ್ತಿದ್ದೇವೆ. ನಿಮ್ಮ ಮಕ್ಕಳು ಓದಿ ಮುಗಿಸಿದ ಕನ್ನಡ ಪುಸ್ತಕಗಳನ್ನು ಊರಿಗೆ ಬರುವವರ ಕೈಲಿ ಕಳಿಸಿಕೊಡಿ. ಇನ್ನೂ ಒಳ್ಳೆಯದೆಂದರೆ, ಮಕ್ಕಳನ್ನೇ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಕೂರಿಸಿ. ಅವರು ಓದಲಿ, ಇವರು ಹೇಳಲಿ. ಬೇಸಿಗೆಯಲ್ಲಿ ಇಲ್ಲಿ ಸಂಜೆ ಏಳು ಎಂದರೆ ಮಿಷಿಗನ್‌ನಲ್ಲಿ ಬೆಳಿಗ್ಗೆ ಒಂಬತ್ತೂವರೆ. ಅಷ್ಟು ಹೊತ್ತಿಗೆ ನಮ್ಮ ಹುಡುಗರು ದನ ಕಟ್ಟಿ, ಕೈಕಾಲು ತೊಳೆದು ಬಂದಿರುತ್ತಾರೆ. ರಾಗಿ ಕಾವಲಿನ ತಿಂಗಳುಗಳಲ್ಲಿ ಮಾತ್ರ ರಾತ್ರಿಯ ಕರೆ ಬೇಡ. ಆಗ ದೊಡ್ಡ ಹುಡುಗರೆಲ್ಲ ಅಟ್ಟಣೆ ಮೇಲಿರುತ್ತಾರೆ.