ಹೇಳಬಾರದ ಉರಿ

ಮರೆಯಲ್ಲಿರಬೇಕಾದ ಅಂಗದ ನೋವೂ ಮರೆಯಲ್ಲಿಯೇ ಇರಬೇಕೆ? ಕಾಫಿಯ ಜೊತೆಗೆ ಓದುವ ಪುರವಣಿಯಲ್ಲಿ ಈ ಪ್ರಶ್ನೆ ಉಚಿತವೇ ಎಂದು ಕೆಲವರು ಹುಬ್ಬೇರಿಸಬಹುದು. ಔಚಿತ್ಯವಿಚಾರವನ್ನು ತರಗತಿಯಲ್ಲಿ ಬೋಧಿಸುವ ನನಗೂ ಆ ಶಂಕೆ ಬಾರದೆ ಇಲ್ಲ, ಆದರೂ ಬರೆಯುತ್ತಿದ್ದೇನೆ. ಗುಹ್ಯಸ್ಥಾನದ ಸುತ್ತಿನ, ತೊಡೆಸಂದಿನ ಕೂದಲನ್ನು ತೆಗೆದ ಮೇಲೆ ಚರ್ಮಕ್ಕೆ ಬರುವ ಉರಿ, ಕಡಿತ, ಗುಳ್ಳೆಗಳೇ ನನ್ನ ವಿಷಯ.

ನಮ್ಮ ಸೀಮೆಯಲ್ಲಿ ಚರ್ಮದ ಉರಿಗೇನೂ ಮೈಲಿಗೆಯಿಲ್ಲ. ತಿರುಪತಿಯಲ್ಲಿ ಮುಡಿಕೊಟ್ಟು ಬಂದವರು ಬೋಳುತಲೆಗೆ ಗಂಧ ಬಳಿದುಕೊಂಡು ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಎಲ್ಲರೆದುರಿಗೇ ಇಳಿಯುತ್ತಾರೆ. ಕತ್ತಿಯಾಡಿದ ಚರ್ಮಕ್ಕೆ ತಂಪು ಬೇಕೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂತೆಂದರೆ ಕಾಯಿ ಕೀಳುವವರ ಕೆನ್ನೆ ತೋಳುಗಳ ಮೇಲೆ ಸೊನೆ ಸಿಡಿದು ಬೊಬ್ಬೆಯೇಳುತ್ತದೆ. ಸೊನೆ ಸುಟ್ಟಿತೆಂದು ಅವರು ಬೀದಿಯಲ್ಲೇ ಹೇಳುತ್ತಾರೆ, ಕೇಳಿದವರು ಮದ್ದನ್ನೂ ಹೇಳುತ್ತಾರೆ. ಚರ್ಮ ಅದೇ, ಉರಿಯೂ ಅದೇ. ಸೊಂಟದಿಂದ ಒಂದು ಗೇಣು ಕೆಳಗಿಳಿದ ಕೂಡಲೆ ಮಾತು ನಿಂತುಹೋಗುತ್ತದೆ.

ಕನ್ನಡ ಪಾಠ ಹೇಳುವವರಿಗೆ ಇಲ್ಲೊಂದು ಕುತೂಹಲದ ಸಂಗತಿಯುಂಟು. ಈ ಅಂಗಗಳಿಗೆ ಇರುವ ಅಚ್ಚಗನ್ನಡದ ಹೆಸರುಗಳೆಲ್ಲ ಬೈಗುಳಕ್ಕೆ ಮೀಸಲಾಗಿಬಿಟ್ಟಿವೆ. ಮರ್ಯಾದೆಯ ಮಾತು ಬೇಕೆಂದರೆ ಸಂಸ್ಕೃತಕ್ಕೆ ಹೋಗಬೇಕು. ಅಲ್ಲಿ ಸಿಗುವ ‘ಗುಹ್ಯ’ಕ್ಕೆ ಅರ್ಥವೇ ಮುಚ್ಚಿಡತಕ್ಕದ್ದೆಂದು! ಜಗಳವಾಡಲು ಶಬ್ದವಿದೆ, ವೈದ್ಯರೆದುರು ನೋವು ಹೇಳಿಕೊಳ್ಳಲು ಇಲ್ಲ. ಹಿಂದಿನವರೆಲ್ಲ ಹೀಗಿದ್ದರೆಂದಲ್ಲ. ನಮ್ಮ ನೆರೆಯ ಮುಸಲ್ಮಾನರ ಹದೀಸುಗಳಲ್ಲಿ ಈ ಕೂದಲನ್ನು ತೆಗೆಯುವುದು ಶೌಚದ ಅಂಗವೆಂದೂ, ನಲವತ್ತು ದಿನ ಮೀರಬಾರದೆಂದೂ ನೇರವಾಗಿಯೇ ಹೇಳಿದೆ. ಅದರಿಂದ ಯಾರ ಭಕ್ತಿಯೂ ಕುಂದಲಿಲ್ಲ.

ಮಾಲೂರಿನ ಅಥವಾ ನರಸಾಪುರದ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಹಳೆಯ ಬ್ಲೇಡಿನಿಂದ ಅವಸರದಲ್ಲಿ ಬೋಳಿಸಿಕೊಂಡಿದ್ದಾಳೆ. ಮೇಲೆ ಬಿಗಿಯಾದ ಬಟ್ಟೆ, ಬೆವರು, ದಿನವಿಡೀ ದುಡಿಮೆ. ಬ್ಲೇಡು ಕತ್ತರಿಸಿದ ಗುಂಗುರು ಕೂದಲಿನ ಚೂಪು ಮೊನೆ ಬೆಳೆಯುತ್ತ ಬಾಗಿ ಚರ್ಮದೊಳಕ್ಕೇ ತಿರುಗುತ್ತದೆ. ಮುಳ್ಳು ಮುರಿದ ಜಾಗದಂತೆ ಅಲ್ಲಿ ಕೆಂಪು ಗುಳ್ಳೆಯೇಳುತ್ತದೆ. ತಾಯಿಗೆ ಹೇಳಲಾರಳು. ಔಷಧದ ಅಂಗಡಿಯಲ್ಲಿ “ಕಡಿತಕ್ಕೆ ಒಂದು ಟ್ಯೂಬ್ ಕೊಡಿ” ಎನ್ನುತ್ತಾಳೆ; ಎಲ್ಲಿಯ ಕಡಿತವೆಂದು ಅಂಗಡಿಯವನೂ ಕೇಳುವುದಿಲ್ಲ. ಎಷ್ಟೋ ವೇಳೆ ಅಂಥ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ದಿನ ಹಾಯೆನಿಸುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಹುಳುಕಡ್ಡಿಯಿದ್ದರೆ ಅದು ಮುಖ ಮರೆಸಿಕೊಂಡು ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳಿಗೆ ವೈದ್ಯರ ಚೀಟಿಯನ್ನು ಕಡ್ಡಾಯ ಮಾಡಿತು. ಆದರೆ ಚೀಟಿ ಬೇಕಾದರೆ ವೈದ್ಯರೆದುರು ಬಾಯಿ ಬಿಡಬೇಕಲ್ಲ!

ಹಾಗಾದರೆ ಈ ಕೂದಲನ್ನು ತೆಗೆಯಲೇಬೇಕೆ? ಕೊಳೆಯೆಂದು ತೆಗೆಯುವವರಿಗೆ ಹೇಳಬೇಕಾದ್ದು, ಅದು ಕೊಳೆಯಲ್ಲ, ಉಜ್ಜಾಟದಿಂದ ಚರ್ಮವನ್ನು ಕಾಯುವ ಹೊದಿಕೆ. ಹೆರಿಗೆಗೆ ಬಂದ ಹೆಂಗಸರಿಗೆಲ್ಲ ಬೋಳಿಸುವುದು ಆಸ್ಪತ್ರೆಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಸೋಂಕು ತಡೆಯಲೆಂಬುದು ಅದಕ್ಕೆ ಕೊಟ್ಟ ಕಾರಣ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಆ ವಾಡಿಕೆಯನ್ನು ಬೇಡವೆಂದಿತು. ಶಸ್ತ್ರಚಿಕಿತ್ಸೆಗೂ ಬ್ಲೇಡು ಬೇಡ, ತೀರ ಅಗತ್ಯವಾದರೆ ಕ್ಲಿಪ್ಪರಿನಿಂದ ಕತ್ತರಿಸಿದರೆ ಸಾಕೆಂದು 2016ರಲ್ಲಿಯೇ ಹೇಳಿತ್ತು. ಬ್ಲೇಡು ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳನ್ನು ಮಾಡುತ್ತದೆ, ಕ್ರಿಮಿಗಳಿಗೆ ಅಷ್ಟೇ ಸಾಕು.

ಆದರೂ ತೆಗೆಯುವೆನೆನ್ನುವವರನ್ನು ನಿಂದಿಸುವ ಅಧಿಕಾರ ನಮಗಿಲ್ಲ. ಅವರ ಮೈ ಅವರದು. ಕತ್ತರಿಯಿಂದ ಗಿಡ್ಡ ಮಾಡಿಕೊಂಡರೆ ಬಹುಮಂದಿಗೆ ಸಾಕು, ಉರಿಯ ಗೊಡವೆಯೇ ಇಲ್ಲ. ಬೋಳಿಸಲೇಬೇಕೆಂದರೆ ಬಿಸಿನೀರಿನ ಸ್ನಾನದಲ್ಲಿ ಕೂದಲು ಮೆತ್ತಗಾದ ಮೇಲೆ, ನೊರೆ ಹಚ್ಚಿ, ಹೊಸ ಬ್ಲೇಡಿನಿಂದ, ಕೂದಲು ಬೆಳೆದ ದಿಕ್ಕಿನಲ್ಲೇ ಹಗುರವಾಗಿ ಎಳೆಯಬೇಕು. ಒಂದೇ ಜಾಗವನ್ನು ಮತ್ತೆಮತ್ತೆ ಕೆರೆಯಬಾರದು. ಕೂದಲು ಕರಗಿಸುವ ಕ್ರೀಮನ್ನು ಒಳಭಾಗಕ್ಕೆ ತಾಗಿಸಲೇಬಾರದು. ಕೂದಲೂ ಚರ್ಮದ ಮೇಲ್ಪದರವೂ ಕೆರಾಟಿನ್ ಎಂಬ ಒಂದೇ ದ್ರವ್ಯದಿಂದ ಆದವು; ಹೊತ್ತು ಮೀರಿದರೆ ಕ್ರೀಮಿಗೆ ಭೇದ ತಿಳಿಯದು. ಆಮೇಲೆ ತಣ್ಣೀರಿನ ಒದ್ದೆಬಟ್ಟೆ, ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್, ಸಡಿಲವಾದ ಹತ್ತಿಯ ಉಡುಪು. ಕ್ಷೌರದಂಗಡಿಯ ಪಟಿಕ ಗಲ್ಲಕ್ಕೇ ಇರಲಿ! ಗುಳ್ಳೆಯೆದ್ದರೆ ಅದು ಮಾಯುವ ತನಕ ಉಗುರನ್ನೂ ಬ್ಲೇಡನ್ನೂ ದೂರವಿಡಬೇಕು. ಕೀವು, ಬಾವು, ಜ್ವರ ಕಂಡರೆ ಮನೆಮದ್ದು ಸಾಲದು.

ನಾಚಿಕೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪರರ ಕಣ್ಣಿನಿಂದ ನನ್ನನ್ನು ಕಾಯುವ ನಾಚಿಕೆ ಗುಣವೇ ಸರಿ. ಮದ್ದು ಹಚ್ಚುವ ಕೈಯನ್ನೂ ತಡೆಯುವಂಥದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ. ಅದು ಬರಿಯ ಅಂಜಿಕೆ. ನಮ್ಮದೂ ವಿಚಿತ್ರ. ಮಗಳು ಮೈನೆರೆದಳೆಂದರೆ ಹಸೆಗೆ ಕೂರಿಸಿ, ಕೇರಿಯ ಮುತ್ತೈದೆಯರನ್ನೆಲ್ಲ ಕರೆದು ಆರತಿ ಮಾಡುತ್ತೇವೆ. ಆಗಿಲ್ಲದ ಸಂಕೋಚ ಒಂದು ಬ್ಲೇಡಿನ ಮಾತಿಗೆ ಬರುತ್ತದೆ. ಅದೇ ಆರತಿಯ ಸಂಜೆ ಅತ್ತೆಯೋ ಚಿಕ್ಕಮ್ಮನೋ ಹುಡುಗಿಯನ್ನು ಒಳಕೋಣೆಗೆ ಕರೆದು ಈ ನಾಲ್ಕು ಮಾತನ್ನೂ ಹೇಳಿದರೆ ಚಿಗಳಿ ತಂಬಿಟ್ಟಿನ ರುಚಿಯೇನೂ ಕೆಡುವುದಿಲ್ಲ.