ಊರಿನ ಕ್ಷೇಮವೂ ನಮ್ಮ ವಿಶ್ವಾಸವೂ

ಹಳ್ಳಿಯ ಸಭೆಗಳನ್ನು ಸಂದರ್ಶಿಸುವಾಗ ನಾವು ಪದೇ ಪದೇ ಕೇಳುವ ಮಾತೊಂದುಂಟು. ಅದೇನಂದರೆ, "ನಾವು ಎಷ್ಟರವರು? ನಮ್ಮಿಂದ ದೇಶಕ್ಕೆ ಏನಾದೀತು?" ಎಂಬದು. ಈ ಮಾತು ನಿರಾಧಾರವಾದದ್ದಲ್ಲ. 2011ನೆಯ ಇಸವಿಯ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಹಳ್ಳಿಗಳಲ್ಲಿ ನಾವು ಕಂಡ ಸಭೆಗಳವರಾದರೋ ಹೆಚ್ಚಾಗಿ ಕೂಲಿಯಿಂದಲೂ ತುಂಡು ಹೊಲದಿಂದಲೂ ಬದುಕುವವರು. ಆದರೂ ಈ ಮಾತಿನೊಳಗೆ ದೈನ್ಯದ ಸಂಗಡ ಸ್ವಲ್ಪ ಜಾಣತನವೂ ಅಡಗಿದೆಯೋ ಎಂಬ ಸಂದೇಹವು ನಮಗುಂಟು. ತಾನು ಏನೂ ಅಲ್ಲವೆಂದು ಹೇಳಿಕೊಂಡವನ ಬಳಿಗೆ ಯಾರೂ ಏನನ್ನೂ ಕೇಳಲು ಬಾರರಷ್ಟೆ.

ಪ್ರಿಯ ವಾಚಕರೇ, ಇದೇ ಮಾತನ್ನು ಆಡುವದಕ್ಕೆ ನಮಗಿಂತಲೂ ಹೆಚ್ಚಿನ ಕಾರಣವಿದ್ದ ಜನರನ್ನು ಸತ್ಯವೇದದಲ್ಲಿ ನೋಡಿರಿ. ಕ್ರಿಸ್ತಪೂರ್ವ 597ರಲ್ಲಿ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನಾದ ಯೆಕೊನ್ಯನನ್ನೂ ಪ್ರಮುಖರನ್ನೂ ಕಮ್ಮಾರರೇ ಮೊದಲಾದ ಕೆಲಸಗಾರರನ್ನೂ ಬಾಬೆಲಿಗೆ ಸೆರೆಯೊಯ್ದನು. ಎರಡೇ ವರುಷಗಳಲ್ಲಿ ಎಲ್ಲರೂ ಹಿಂತಿರುಗುವರೆಂದು ಹನನ್ಯನೆಂಬವನು ಪ್ರವಾದಿಸಿದನು. ಎರಡು ವರುಷಕ್ಕಾಗಿ ತೋಟ ಹಾಕುವವರು ಯಾರು? ಗಂಟು ಕಟ್ಟಿಕೊಂಡು ಕುಳಿತಿದ್ದ ಆ ಜನರಿಗೆ ಯೆರೆಮೀಯನು ಒಂದು ಪತ್ರವನ್ನು ಕಳುಹಿಸಿ, ಮನೆಗಳನ್ನು ಕಟ್ಟಿಕೊಳ್ಳಬೇಕೆಂದೂ, ತೋಟಗಳನ್ನು ಮಾಡಿ ಫಲವನ್ನು ಉಣ್ಣಬೇಕೆಂದೂ, ತಾವು ಸೆರೆಯಾಗಿ ಬಂದ ಆ ಪಟ್ಟಣದ ಕ್ಷೇಮವನ್ನು ಹಾರೈಸಿ ಅದಕ್ಕೋಸ್ಕರ ದೇವರನ್ನು ಪ್ರಾರ್ಥಿಸಬೇಕೆಂದೂ ತಿಳಿಸಿದನು. ಈ ಪತ್ರವು ಎಲ್ಲರಿಗೂ ರುಚಿಸಲಿಲ್ಲ. ಶೆಮಾಯನೆಂಬವನು ಬಾಬೆಲಿನಿಂದ ಯೆರೂಸಲೇಮಿನ ಯಾಜಕರಿಗೆ ಬರೆದು, ಇಂಥವನನ್ನು ಯಾಕೆ ಬಂಧಿಸಲಿಲ್ಲವೆಂದು ಆಕ್ಷೇಪಿಸಿದನು. ನಮ್ಮನ್ನು ಪ್ರೀತಿಸದವರ ಊರಿಗೆ ಒಳ್ಳೇದನ್ನು ಬಯಸಿರೆಂಬ ಉಪದೇಶವು ಅಂದಿನಿಂದಲೂ ಕಹಿಯಾದದ್ದೇ.

ನಾವಾದರೋ ಸೆರೆಯವರಲ್ಲ, ಈ ನೆಲದ ಮಕ್ಕಳು. ಹಾಗಿರಲಾಗಿ ನಮ್ಮ ಹೊಣೆಯು ಅವರದಕ್ಕಿಂತ ಕಡಿಮೆಯಾಗುವದೆಂತು? ಆದರೆ ಇಲ್ಲಿ ಒಂದು ನಿಜವಾದ ತೊಡಕುಂಟು. ಅದನ್ನು ಒಂದು ಸಂಗತಿಯಿಂದ ಹೇಳುವೆವು.

ನಮಗೆ ಪರಿಚಯವಾದ ಒಂದು ಊರಿನಲ್ಲಿ ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಯುವ ನಿಶ್ಚಯವಾಯಿತು. ಮನೆಗೊಂದಾಳು ಬರಬೇಕೆಂದು ಡಂಗುರ ಹೊಯ್ಯಿಸಿದರು. ಮೊದಲ ದಿನ ಕೆರೆಯ ಏರಿಯ ಮೇಲೆ ಪೂಜೆಮಾಡಿ ತೆಂಗಿನಕಾಯಿ ಒಡೆಯುವದು ಅಲ್ಲಿಯ ಪದ್ಧತಿ. ನಮ್ಮವರು ಕೂಡಿಕೊಂಡು ಆಲೋಚಿಸಿ, ವಿಗ್ರಹಪೂಜೆಯಲ್ಲಿ ಪಾಲುಗಾರರಾಗಬಾರದೆಂದು ತೀರ್ಮಾನಿಸಿ ಮನೆಯಲ್ಲಿಯೇ ಉಳಿದರು. ಹಾಗೆ ಮಾಡಿರೆಂದು ಸಲಹೆ ಕೊಟ್ಟವರಲ್ಲಿ ನಾವೂ ಒಬ್ಬರೆಂಬದನ್ನು ಮರೆಮಾಚಲಾರೆವು. ಕೆಲಸವು ಹನ್ನೊಂದು ದಿನ ನಡೆಯಿತು. ಪೂಜೆಯು ಮೊದಲ ದಿನದ ಮುಂಜಾನೆ ಅರ್ಧ ತಾಸಿನಲ್ಲಿ ಮುಗಿದಿತ್ತು. ಉಳಿದ ದಿನಗಳಲ್ಲಿ ಅಲ್ಲಿ ಇದ್ದದ್ದು ಕೆಸರು, ಸಲಿಕೆ, ಬುಟ್ಟಿಗಳು ಮಾತ್ರ. ಮಳೆಗಾಲ ಬಂದಾಗ ಆ ಕೆರೆಯ ತೂಬಿನ ನೀರು ನಮ್ಮವರ ಗದ್ದೆಗಳಿಗೂ ಹರಿಯಿತು, ಯಾರೂ ಅದನ್ನು ತಡೆಯಲಿಲ್ಲ.

ಎರಡನೆಯ ದಿನ ನಮ್ಮ ಸಭೆಯ ಒಬ್ಬ ವಿಧವೆ ಮಾತ್ರ ಯಾರನ್ನೂ ಕೇಳದೆ ಬುಟ್ಟಿ ಹಿಡಿದು ಕೆರೆಗೆ ಹೋದಳು. ಹೋಗಬಹುದೋ ಎಂಬ ಪ್ರಶ್ನೆಯೇ ಆಕೆಗೆ ಹುಟ್ಟಲಿಲ್ಲವೆಂದು ತೋರುತ್ತದೆ. "ನೀರು ಕುಡಿಯುವದಿಲ್ಲವೇ, ಅಯ್ಯನವರೇ?" ಎಂದಷ್ಟೇ ಆಮೇಲೆ ನಮ್ಮನ್ನು ಕೇಳಿದಳು.

ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದದ್ದನ್ನು ಆಗ ನಾವು ಮತ್ತೊಮ್ಮೆ ಓದಿ ನಾಚಿದೆವು. ವಿಗ್ರಹದ ಮೇಜಿನಲ್ಲಿ ಪಾಲುತೆಗೆದುಕೊಳ್ಳಬಾರದೆಂದು ಖಂಡಿತವಾಗಿ ಹೇಳಿದ ಅವನೇ, ಅಂಗಡಿಯಲ್ಲಿ ಮಾರುವ ಮಾಂಸವನ್ನು ಏನೂ ವಿಚಾರಿಸದೆ ತಿನ್ನಬಹುದೆಂದೂ, ಆಹ್ವಾನಿಸಿದ ನೆರೆಯವನ ಮನೆಗೆ ಹೋಗಬಹುದೆಂದೂ ಹೇಳಿದನು. ಪೂಜೆಯನ್ನೂ ನೆರೆಹೊರೆಯನ್ನೂ ಅವನು ಬೇರೆ ಬೇರೆಯಾಗಿ ಕಂಡನು. ನಾವಾದರೋ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊರಗೆ ಎಸೆದೆವು. ಜಾತ್ರೆಯ ವಂತಿಗೆಯನ್ನು ಕೊಡದಿರುವದು ಮನಸ್ಸಾಕ್ಷಿಯ ಕಾರ್ಯ. ಶಾಲೆಯ ಮಾಡಿನ ರಿಪೇರಿಗೆ ಕೊಡದಿರುವದು ಜಿಪುಣತನ. ಮನಸ್ಸಾಕ್ಷಿಯ ಹೆಸರಿನಲ್ಲಿ ನಾವು ಎಷ್ಟು ಸಾರಿ ಹಣದ ಚೀಲದ ಬಾಯಿ ಬಿಗಿದಿದ್ದೇವೆಂಬದನ್ನು ದೇವರೇ ಬಲ್ಲನು.

ದೇಶಕ್ಕೆ ಕ್ರೈಸ್ತರಿಂದ ಏನಾಯಿತೆಂದು ಯಾರಾದರೂ ಕೇಳಿದರೆ ನಮ್ಮವರು ಕೂಡಲೇ 1843ರಲ್ಲಿ ಮೋಗ್ಲಿಂಗ್ ಅವರು ಹೊರಡಿಸಿದ ಮಂಗಳೂರು ಸಮಾಚಾರವನ್ನೂ, 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟನ್ನೂ, ಬಾಸೆಲ್ ಮಿಶನಿನ ಹೆಂಚಿನ ಕಾರ್ಖಾನೆಗಳನ್ನೂ ಹೆಸರಿಸುವದುಂಟು. ಅವು ಸ್ಮರಣೀಯವಾದವುಗಳೇ. ಆದರೆ ಅಜ್ಜನು ಉಂಡ ತುಪ್ಪವನ್ನು ಹೇಳಿ ಮೊಮ್ಮಗನು ಕೈ ಮೂಸಿ ತೋರಿಸಿದ ಹಾಗಾಗಬಾರದು.

ಇನ್ನೊಂದು ಪ್ರಶ್ನೆಯುಂಟು. ಊರಿಗೆ ಉಪಕಾರ ಮಾಡಿದರೆ ಜನರು ಸುವಾರ್ತೆಗೆ ಕಿವಿಗೊಡುವರೆಂಬ ಆಶೆಯಿಂದ ಮಾಡಬಹುದೋ? ಹೀಗೆ ಮಾಡುವದು ಗಾಳಕ್ಕೆ ಹುಳ ಕಟ್ಟುವದಕ್ಕೆ ಸಮಾನವೆಂದು ನಮ್ಮ ಅಭಿಪ್ರಾಯ. ಯೇಸು ಸ್ವಾಮಿಯು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ಒಬ್ಬನೇ ಹಿಂತಿರುಗಿ ಬಂದನು, ಅವನೂ ಸಮಾರ್ಯದವನು. ಒಂಬತ್ತು ಮಂದಿ ಎಲ್ಲಿ ಎಂದು ಆತನು ದುಃಖದಿಂದ ಕೇಳಿದನು. ಆದರೂ ಅವರ ಸ್ವಸ್ಥತೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮತದಾನದ ವಿಷಯವನ್ನು ಬಿಡಲಾಗದು. ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸಿದ ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ ಮುಖರ್ಜಿಯವರು ಬಂಗಾಳದ ಕ್ರೈಸ್ತರು. ಧರ್ಮದ ಆಧಾರದ ಮೇಲೆ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಕಾದಿರಿಸುವ ಏರ್ಪಾಡನ್ನು 1949ರಲ್ಲಿ ಆ ಸಭೆಯು ಕೈಬಿಟ್ಟಾಗ ಅವರು ಅದನ್ನು ಬೆಂಬಲಿಸಿದರು. ಪ್ರತ್ಯೇಕ ಬೇಲಿ ಬೇಡ, ನೆರೆಯವರನ್ನು ನಂಬಿ ಬಾಳುವೆವೆಂದು ಹಿರಿಯರು ಇಷ್ಟು ಬೆಲೆಯುಳ್ಳ ನಂಬಿಕೆಯನ್ನು ತೋರಿಸಿದ ಮೇಲೆ, ಚುನಾವಣೆಯ ಹಿಂದಿನ ರಾತ್ರಿ ಬಾಗಿಲಿಗೆ ಬರುವ ನೋಟಿಗೆ ನಾವು ಕೈ ಒಡ್ಡಬಹುದೋ? ಆ ಹಣದಿಂದ ಮಗುವಿಗೆ ಪುಸ್ತಕ ಕೊಂಡ ತಾಯಿಯನ್ನು ಗದರಿಸಲು ನಮಗೆ ಬಾಯಿ ಬಾರದು. ಆದರೆ ಹೊಟ್ಟೆ ತುಂಬಿದ ಹಿರಿಯರೂ, ಸಭೆಯ ಓಟುಗಳನ್ನೆಲ್ಲಾ ಒಟ್ಟಾಗಿ ಮಾತಾಡಿ ಕೊಡುವ ಮುಖಂಡರೂ ನಮ್ಮಲ್ಲಿದ್ದಾರೆ. ಅವರು ಮಾರುವದು ಊರಿನ ರಸ್ತೆಯನ್ನೂ ನೀರನ್ನೂ ಆಸ್ಪತ್ರೆಯ ಔಷಧವನ್ನೂ. ಕೊಳ್ಳುವವನು ಕೊಟ್ಟದ್ದನ್ನು ಅಲ್ಲಿಂದಲೇ ವಸೂಲು ಮಾಡಿಕೊಳ್ಳುವನು.

ಪ್ರಾರ್ಥನೆಯ ವಿಷಯದಲ್ಲಿಯೂ ಒಂದು ಮಾತು. ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಬೇಕೆಂದು ಅಪೊಸ್ತಲನು ತಿಮೊಥೆಯನಿಗೆ ಬರೆದನು. ನಾವು ಪ್ರತಿ ಆದಿತ್ಯವಾರ ರಾಷ್ಟ್ರಪತಿಗಳಿಗಾಗಿಯೂ ಮಂತ್ರಿಗಳಿಗಾಗಿಯೂ ಪ್ರಾರ್ಥಿಸುತ್ತೇವೆ. ಅವರು ದೂರದಲ್ಲಿರುವದರಿಂದ ಇದು ಸುಲಭ. ಒಂದು ಸಭೆಯಲ್ಲಿ ನಾವು, ನಿಮ್ಮ ಪಂಚಾಯತಿಯ ಅಧ್ಯಕ್ಷರ ಹೆಸರನ್ನು ಹಿಡಿದು ಪ್ರಾರ್ಥಿಸಿರೆಂದು ಕೇಳಿಕೊಂಡೆವು. ಎಲ್ಲರೂ ಸುಮ್ಮನಾದರು. ಕಡೆಗೆ ಒಬ್ಬ ಹಿರಿಯನು, "ಆತನು ನಮ್ಮ ಕೇರಿಗೆ ಒಂದು ನಿವೇಶನವನ್ನೂ ಕೊಡಲಿಲ್ಲವಲ್ಲಾ" ಎಂದನು. ನೆಬೂಕದ್ನೆಚ್ಚರನೂ ಸೆರೆಯವರಿಗೆ ಏನನ್ನೂ ಕೊಟ್ಟಿರಲಿಲ್ಲ, ದೇವಾಲಯದ ಪಾತ್ರೆಗಳನ್ನು ಹೊತ್ತುಕೊಂಡು ಹೋಗಿದ್ದನು ಎಂದು ನಾವು ಹೇಳಿದೆವು. ಆ ಹಿರಿಯನು ಬಹಳ ಹೊತ್ತು ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಪ್ರಾರ್ಥಿಸಿದನು. ನಿವೇಶನದ ಸಂಗತಿಯನ್ನೂ ದೇವರಿಗೆ ತಿಳಿಸಿದನು. ಅಧ್ಯಕ್ಷರ ಹೆಸರನ್ನು ಹೇಳುವಾಗ ಅವನ ಸ್ವರವು ಸ್ವಲ್ಪ ತಡವರಿಸಿತು, ಆದರೆ ಹೇಳಿದನು.